ಹಳೇ ಎಂಎಂ 540 ಜೀಪ್ ತಗೊಂಡೆ: ಬಣ್ಣ, ಬ್ಯಾಂಕು, ಆರ್‌ಸಿ ಅಂತ ಸುತ್ತಿದ ಕಥೆ

ಹೋದ ವಾರ ಆರ್‌ಸಿ ಕಾರ್ಡ್ ಪೋಸ್ಟಲ್ಲಿ ಮನೆಗೆ ಬಂತು. ಮಾಲೀಕರ ಜಾಗದಲ್ಲಿ ನನ್ನ ಹೆಸ್ರು, ಬಣ್ಣ ಬಿಳಿ, ಸಾಲದ ಕಾಲಂ ಖಾಲಿ. ಇಷ್ಟು ಬರೋಕೆ ಕಾಫಿ ಕುಯ್ಲು ಮುಗಿದಾಗಿಂದ ಓಡಾಡಿದೀನಿ, ಈಗ ಹೂಮಳೆ (ಕಾಫಿ ಹೂ ಬಿಡೋಕೆ ಬೇಕಾದ ಬೇಸಿಗೆ ಮಳೆ) ಎಲ್ಲಾ ಮುಗಿದು ಮುಂಗಾರು ಹತ್ರ ಬಂದಿದೆ. ನಮ್ ಕಡೆ ಹಳೇ ಜೀಪ್ ತಗೋಬೇಕು ಅಂತ ಆಸೆ ಇರೋರು ಸುಮಾರ್ ಜನ ಇದಾರೆ, ರೀಸ್ಟೋರ್ ಮಾಡಿ ಮಾರೋ ಶೆಡ್ಡುಗಳೂ ಜಾಸ್ತಿ ಆಗಿವೆ, ಫೋಟೋದಲ್ಲಿ ನೋಡಿದ್ರೆ ಎಲ್ಲಾನೂ ಫಳಫಳ ಅಂತಿರುತ್ತೆ. ನಾನು ಓಡಾಡಿದ್ದು ಇನ್ನೊಬ್ರಿಗೆ ಉಪಯೋಗಕ್ಕೆ ಬರ್ಲಿ ಅಂತ ನೆನಪು ಹಸಿ ಇರೋವಾಗ್ಲೇ ಬರೀತಿದೀನಿ, ಉದ್ದ ಆಗುತ್ತೆ, ತಗೊಳ್ಳೋ ಯೋಚನೆ ಇರೋರು ಪೂರ್ತಿ ಓದಿ.

ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ. ಟಾರ್ ರೋಡಿಂದ ಮನೆಗೆ ಏರು ದಾರಿ, ಕಲ್ಲು ಮಣ್ಣು. ಜುಲೈ ಬಂತು ಅಂದ್ರೆ ಪಿಕಪ್ ಕೆಳಗಡೇನೇ ನಿಲ್ಲುತ್ತೆ, ಗೊಬ್ಬರ ಮೂಟೆ ಹೊತ್ಕೊಂಡು ಹತ್ಬೇಕು, ಅಮ್ಮನಿಗೆ ಹುಷಾರಿಲ್ಲ ಅಂದ್ರೂ ಅಲ್ಲೀವರೆಗೂ ನಡೆಸ್ಕೊಂಡೇ ಹೋಗ್ಬೇಕು. ಹೊಸ ಥಾರ್ ತಗೊಳ್ಳೋ ಅಷ್ಟು ದುಡ್ಡು ಜೀಪಿಗೆ ಹಾಕೋಕೆ ನಮ್ಮ ತೋಟದ ಲೆಕ್ಕ ಒಪ್ಪಲ್ಲ. ಅದಕ್ಕೆ ಫೋರ್ ವೀಲ್ ಡ್ರೈವ್, ಅಂದ್ರೆ ನಾಲ್ಕೂ ಚಕ್ರಕ್ಕೆ ಎಳೆತ ಇರೋ ಹಳೇ ಮಹೀಂದ್ರ ಜೀಪೇ ಸರಿ ಅಂತ ಹುಡುಕೋಕೆ ಶುರು ಮಾಡ್ದೆ. ಎಂಎಂ 540 ಯಾಕೆ ಅಂದ್ರೆ ಗಾಡಿ ಸಣ್ಣದು, ತೋಟದ ದಾರೀಲಿ ತಿರುಗುತ್ತೆ, ಒಳಗಡೆ ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ, ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಕೂರಿಸ್ತಾರೆ. ಅದ್ರಲ್ಲಿರೋದು ಪೆಜೋ ಡೀಸೆಲ್ ಇಂಜಿನ್, ಎಕ್ಸ್‌ಡಿಪಿ 4.90 ಅಂತಾರೆ, ಅಂದ್ರೆ 4 ಸಿಲಿಂಡರ್, 90 ಮಿಲಿಮೀಟರ್ ಬೋರ್, ಒಟ್ಟು 2112 ಸಿಸಿ. ಮಹೀಂದ್ರದ್ದೇ ಡಿಐ (ಡೈರೆಕ್ಟ್ ಇಂಜೆಕ್ಷನ್) ಇಂಜಿನ್ ತರ ಎಳೆತ ಇಲ್ಲ, ಆದ್ರೆ ಶಬ್ದ ಕಡಿಮೆ, ಮೆತ್ತಗೆ ಓಡುತ್ತೆ. ಬಿಡಿ ಭಾಗದ ವಿಷ್ಯಕ್ಕೆ ಡಿಐನೇ ಸುಲಭ ಅನ್ನೋದೂ ನಿಜ, ಅದನ್ನ ಕೊನೇಲಿ ಹೇಳ್ತೀನಿ.

ಚಿಕ್ಕಮಗಳೂರು ಹೊರಗಡೆ ಒಬ್ರು ಬರೀ ಹಳೇ ಜೀಪುಗಳನ್ನೇ ಮಾಡಿ ಮಾರ್ತಾರೆ, ಹೆಸ್ರು ಇಲ್ಲಿ ಬೇಡ. ಶೆಡ್ಡಲ್ಲಿ ಕಾಲಿಟ್ಟಾಗ ನಿಜವಾಗ್ಲೂ ಖುಷಿ ಆಯ್ತು, ಒಂದ್ಕಡೆ ಬರೀ ಚಾಸಿ, ಇನ್ನೊಂದ್ಕಡೆ ಬಾಡಿ ತಲೆಕೆಳಗೆ ಮಾಡಿ ಟಿಂಕರಿಂಗ್ ನಡೀತಿದೆ, ಮೂಲೇಲಿ ಆಕ್ಸಲ್ ಹೌಸಿಂಗುಗಳು ಸಾಲಾಗಿ ಜೋಡಿಸಿವೆ. ಕೆಲಸ ಚೆನ್ನಾಗೇ ಮಾಡ್ತಾರೆ, ಅದ್ರಲ್ಲಿ ಎರಡು ಮಾತಿಲ್ಲ. ನಾನು ಮೊದ್ಲು ಕೇಳಿದ್ದು ಒಂದೇ, ಈ ಗಾಡಿ ಎಲ್ಲಿಂದ ಬಂತು? ಯಾಕಂದ್ರೆ ಹರಿಯಾಣದ ಮಂಡಿ ಡಬ್ವಾಲಿ ಕಡೆ ಮಿಲಿಟರಿ ಹರಾಜಿನ ಭಾಗಗಳನ್ನ ಸೇರಿಸಿ ಜೀಪ್ ಕಟ್ಟೋದು ದೊಡ್ಡ ವ್ಯಾಪಾರ, ನೋಡೋಕೆ ಹೊಸದೇ ಇರುತ್ತೆ, ಆದ್ರೆ ಯಾವುದೋ ಗಾಡಿ ಆರ್‌ಸಿ ಯಾವುದೋ ಚಾಸಿಗೆ ಅಂತಾಗಿದ್ರೆ ನಮ್ಮ ಆರ್‌ಟಿಓದಲ್ಲಿ ಅದು ಜೀಪೇ ಅಲ್ಲ. ಬೇರೆ ರಾಜ್ಯದ್ದಾದ್ರೆ ಅಲ್ಲಿನ ಆರ್‌ಟಿಓದಿಂದ ಫಾರಂ 28 ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತರ್ಬೇಕು, ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಬೇಕು. ನಾನು ನೋಡಿದ್ದು 1995ರ ಗಾಡಿ, ಕೆಎ 18 ನಂಬರ್, ಮೂಡಿಗೆರೆ ಕಡೆಯ ಒಬ್ರು ಪ್ಲಾಂಟರ್ ಅಜ್ಜನ ಹೆಸ್ರಲ್ಲೇ ಇದೆ, ಒಂದೇ ಕೈ. ಅದು ಕೇಳಿ ಅರ್ಧ ಮನಸ್ಸು ಅಲ್ಲೇ ಕೂತ್ಬಿಡ್ತು.

ಗಾಡಿ ನೋಡೋಕೆ ಹೋಗೋವಾಗ ನಮ್ಮ ಸಕಲೇಶಪುರದ ಮೆಕ್ಯಾನಿಕ್ ಭಾಯ್‌ನ ಕರ್ಕೊಂಡು ಬೆಳಗ್ಗೆ ಬೇಗ ಹೋದೆ, ಹಿಂದಿನ ದಿನಾನೇ ಫೋನ್ ಮಾಡಿ "ಅಣ್ಣಾ, ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ" ಅಂತ ಹೇಳಿದ್ದೆ. ಇದು ಮುಖ್ಯ. ಈ ಪೆಜೋ ಇಂಜಿನ್ನಿಗೆ ಹೀಟರ್ ಪ್ಲಗ್ ಇರುತ್ತೆ, ಚಳೀಲಿ ಅದು ಬಿಸಿ ಆಗ್ದೆ ಸ್ಟಾರ್ಟ್ ಆಗಲ್ಲ, ಬಿಸಿ ಇಂಜಿನ್ನಲ್ಲಿ ಆ ರೋಗ ಗೊತ್ತೇ ಆಗಲ್ಲ. ಭಾಯ್ ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆ ಅಂತ ನೋಡ್ಕೊಂಡ್ಮೇಲೇನೇ ಕೀ ಕೊಟ್ಟಿದ್ದು. ಸ್ವಲ್ಪ ಬಿಳಿ ಹೊಗೆ ಬಂತು, ಆಮೇಲೆ ನಿಂತೋಯ್ತು. ಆಯಿಲ್ ಕ್ಯಾಪ್ ತೆಗೆದು ನೋಡಿದ್ರು, ಅಲ್ಲಿಂದ ಬುಸುಬುಸು ಅಂತ ಹೊಗೆ ಬಂದ್ರೆ ಪಿಸ್ಟನ್ ರಿಂಗ್ ಹೋಗಿದೆ ಅಂತ, ಇದ್ರಲ್ಲಿ ಇರ್ಲಿಲ್ಲ.

ಆಮೇಲೆ ಕೆಳಗೆ ಚಾಪೆ ಹಾಸ್ಕೊಂಡು ನುಗ್ಗಿದ್ರು. ಹಳೇ ಜೀಪಲ್ಲಿ ಚಾಸಿ ಬಿರುಕು ಬಿಡೋದು ಸ್ಟೇರಿಂಗ್ ಬಾಕ್ಸ್ ಕೂರೋ ಜಾಗ, ಲೀಫ್ ಸ್ಪ್ರಿಂಗ್ ಹ್ಯಾಂಗರ್ ಹತ್ರ. ಅಲ್ಲಿ ವೆಲ್ಡಿಂಗ್ ಮಾಡಿ ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದಿದ್ರೆ ಅನುಮಾನ ಪಡ್ಬೇಕು, ನಮ್ಮದ್ರಲ್ಲಿ ಒಂದು ಕಡೆ ಹಳೇ ವೆಲ್ಡಿಂಗ್ ಇತ್ತು, ಸರಿಯಾಗಿ ಪ್ಲೇಟ್ ಕೊಟ್ಟು ಮಾಡಿದ್ರು ಅಂತ ಭಾಯ್ ಒಪ್ಪಿದ್ರು. ಬಾಡಿಗೆ ನಾನು ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ಕೊಂಡು ಹೋಗಿದ್ದೆ, ಕಬ್ಬಿಣ ಇರೋ ಕಡೆ ಹಿಡಿಯುತ್ತೆ, ಪುಟ್ಟಿ ದಪ್ಪ ಇರೋ ಕಡೆ ಜಾರುತ್ತೆ. ಹಿಂದಿನ ಚಕ್ರದ ಮೇಲ್ಗಡೆ ಒಂದಂಗೈ ಅಗಲ ಜಾರ್ತು. ಮ್ಯಾಟ್ ಎತ್ತಿ ಫ್ಲೋರ್ ನೋಡೋದು ಮರೀಬೇಡಿ, ನಮ್ ಮಲ್ನಾಡ್ ಮಳೆಗೆ ಮೊದ್ಲು ಹೋಗೋದೇ ಅದು. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ ಮೇಲೆ ಕೆಳಗೆ ಅಲ್ಲಾಡ್ಸಿ ನೋಡಿದ್ರೆ ಕಿಂಗ್ ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಪಿನ್) ಬೇರಿಂಗ್ ಸವೆದಿತ್ತು, ಇದನ್ನ ಹಾಗೇ ಬಿಟ್ರೆ ಒಂದು ಸ್ಪೀಡಿಗೆ ಬಂದಾಗ ಸ್ಟೇರಿಂಗ್ ಕೈಯಲ್ಲಿ ನಿಲ್ಲದ ಹಾಗೆ ಅದುರುತ್ತೆ. ಅದನ್ನ ಬರೆದಿಟ್ಕೊಂಡ್ವಿ. ಫೋರ್ ವೀಲ್ ಟೆಸ್ಟ್ ಶೆಡ್ ಹಿಂದೆ ಮಣ್ಣು ದಿಣ್ಣೇಲಿ ಮಾಡಿದ್ವಿ, ಫೋರ್ ವೀಲ್ ಲೋ ಗೇರ್ ಹಾಕಿ ಏರು ಹತ್ತಿಸಿ ಅಲ್ಲೇ ಆಕ್ಸಿಲೇಟರ್ ಬಿಟ್ಟು ಇಳಿಸ್ಬೇಕು, ಲಿವರ್ ತಾನಾಗೇ ಹಾರಿ ನ್ಯೂಟ್ರಲ್‌ಗೆ ಬಂದ್ರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಪೆಟ್ಟಿಗೆ) ಕೆಲಸ ಇದೆ ಅಂತ ಅರ್ಥ. ಒಣ ಟಾರ್ ರೋಡಲ್ಲಿ ಫೋರ್ ವೀಲ್ ಹಾಕಿ ಟೆಸ್ಟ್ ಮಾಡೋಕೆ ಹೋಗ್ಬೇಡಿ, ಈ ಗಾಡೀಲಿ ಮುಂದೆ ಹಿಂದೆ ನಡುವೆ ಡಿಫರೆನ್ಶಿಯಲ್ ಇಲ್ಲ, ಒಳಗಡೆ ಹಲ್ಲುಗಳು ಒತ್ತಾಡ್ತವೆ. ಭಾಯ್‌ಗೆ ಅವತ್ತಿನ ಕೂಲಿ ಅಂತ 2,000 ಕೊಟ್ಟೆ, ಇಡೀ ವ್ಯವಹಾರದಲ್ಲಿ ಅಷ್ಟು ಸಾರ್ಥಕವಾಗಿ ಹೋದ ದುಡ್ಡು ಬೇರೆ ಇಲ್ಲ.

ಗಾಡಿ ಪಾಸ್ ಆಯ್ತು ಅಂದ್ಕೊಂಡ್ರೆ ತೊಡಕು ಬಂದಿದ್ದು ಬಣ್ಣದಲ್ಲಿ. ಜೀಪಿಗೆ ಪಕ್ಕಾ ಮಿಲಿಟರಿ ಹಸಿರು ಹೊಡ್ದಿದ್ರು, ನೋಡೋಕೆ ಕಣ್ಣು ತುಂಬುತ್ತೆ, ಸುಳ್ಳು ಹೇಳಲ್ಲ. ಆದ್ರೆ ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆ ಗಾಡಿಗಳಿಗೆ ಮಾತ್ರ, ಜನಸಾಮಾನ್ಯರ ಗಾಡಿಗೆ ಹೊಡೆಯೋ ಹಾಗಿಲ್ಲ. ಜೊತೆಗೆ ಹಳೇ ಆರ್‌ಸಿ ಬುಕ್ಕಲ್ಲಿ ಬಣ್ಣ ಬಿಳಿ ಅಂತಿದೆ. ಇದನ್ನ ಹೇಳಿದ್ರೆ ಶೆಡ್ಡಿನವ್ರು "ಸಾರ್, ಎಲ್ರೂ ಓಡಿಸ್ತಿದಾರಲ್ಲ, ನಿಮ್ಮನ್ನೇ ಯಾರ್ ಹಿಡೀತಾರೆ" ಅಂದ್ರು. ಓಡಿಸ್ತಿದಾರೆ ನಿಜ. ಆದ್ರೆ ನನ್ನ ಗಾಡಿ ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ಆರ್‌ಟಿಓದಲ್ಲಿ ಗಾಡಿ ಪರೀಕ್ಷೆ ಮಾಡೋ ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ನಿಲ್ಬೇಕಲ್ಲ, ಅಲ್ಲಿ ಆರ್‌ಸಿ ಹಿಡ್ಕೊಂಡೇ ಗಾಡಿ ನೋಡೋದು. ಬೇರೆ ಬಣ್ಣ ಬೇಕು ಅಂದ್ರೆ ಆರ್‌ಸಿಯಲ್ಲೂ ಬದಲಾಯಿಸ್ಬೇಕು. ನನಗೆ ಬಿಳಿನೇ ಇರ್ಲಿ, ಗಾಡಿ ಹುಟ್ಟಿದ ಬಣ್ಣ ಅದು ಅಂತ ಪಟ್ಟು ಹಿಡಿದೆ. ಸುಮಾರು ಹೊತ್ತು ಮಾತಾಡಿ ಕೊನೆಗೆ ಪೇಂಟ್ ಮೆಟೀರಿಯಲ್ ದುಡ್ಡು ನನ್ನದು, ಕೂಲಿ ಅವ್ರದು ಅಂತ ಒಪ್ಪಂದ ಆಯ್ತು. ನನಗೆ 18,000 ಬಿತ್ತು. ಪೇಂಟ್ ಬೂತ್ ಇಲ್ಲ, ತೆರೆದ ಶೆಡ್ಡು, ಅಷ್ಟರಲ್ಲಿ ಹೂಮಳೆ ಶುರುವಾಯ್ತು. ಮಳೆ ಬಂದ್ರೆ ನಮ್ ತೋಟಕ್ಕೆ ಒಳ್ಳೇದು, ಪೇಂಟಿಗೆ ಕೆಟ್ಟದ್ದು, ತೇವ ಇದ್ರೆ ಮೇಲೆ ಮಂಜು ಕೂತ ಹಾಗೆ ಆಗುತ್ತೆ. ಅದಕ್ಕೇ ಕಾಯ್ಬೇಕಾಯ್ತು. ರೀಸ್ಟೋರ್ ಮಾಡಿಸೋರು ಬಣ್ಣ ಹೊಡೆಯೋಕೆ ಮುಂಚೇನೇ ಆರ್‌ಸಿ ತೆಗೆದು ನೋಡಿ, ಇಷ್ಟೆಲ್ಲಾ ಉಳಿಯುತ್ತೆ.

ರೇಟು 5.25 ಲಕ್ಷ ಅಂದಿದ್ದು 4.8ಕ್ಕೆ ಬಂತು, ಕಿಂಗ್ ಪಿನ್, ಆ ಪುಟ್ಟಿ ಜಾಗದಲ್ಲಿ ಹೊಸ ಶೀಟ್ ಎಲ್ಲಾ ಅವ್ರೇ ಮಾಡ್ಕೊಡ್ಬೇಕು ಅಂತ. ಅಡ್ವಾನ್ಸ್ 50,000 ಮಾತ್ರ ಕೊಟ್ಟು ಸ್ಟಾಂಪ್ ಪೇಪರಲ್ಲಿ ಅಗ್ರಿಮೆಂಟ್ ಮಾಡಿಸ್ದೆ, ಚಾಸಿ ನಂಬರ್ ಇಂಜಿನ್ ನಂಬರ್ ಹಾಕಿಸಿ, ರಿನ್ಯೂವಲ್ ಮತ್ತೆ ಎಚ್‌ಪಿ (ಆರ್‌ಸಿಯಲ್ಲಿರೋ ಸಾಲದ ಎಂಟ್ರಿ) ಕ್ಯಾನ್ಸಲ್ ಆದ್ಮೇಲೆ ಬಾಕಿ ಅಂತ ಬರೆಸಿದೆ, ಎಲ್ಲಾ ದುಡ್ಡು ಬ್ಯಾಂಕ್ ಮೂಲಕಾನೇ. ಅವ್ರಿಗೆ ಸ್ವಲ್ಪ ಬೇಜಾರಾಯ್ತು, "ನಂಬಿಕೆ ಇಲ್ವಾ ಸಾರ್" ಅಂದ್ರು. ನಂಬಿಕೆ ಇರೋದಕ್ಕೇ ಅಡ್ವಾನ್ಸ್ ಕೊಡ್ತಿದೀನಿ ಅಣ್ಣಾ ಅಂದೆ. ಇನ್ನೊಂದು ವಿಷ್ಯ, 2023ರ ಏಪ್ರಿಲ್‌ನಿಂದ ಹಳೇ ಗಾಡಿ ಮಾರೋ ಡೀಲರುಗಳು ಆರ್‌ಟಿಓ ಕಡೆಯಿಂದ ಆಥರೈಸೇಶನ್ ತಗೋಬೇಕು ಅಂತ ನಿಯಮ ಇದೆ, ಕೇಳಿ ನೋಡಿ. ಇವ್ರು ಇನ್ನೂ ತಗೊಂಡಿರ್ಲಿಲ್ಲ, ಹಾಗಾಗಿ ಕಾಗದದ ಮೇಲೆ ನಾನು ತಗೊಳ್ತಿರೋದು ನೇರ ಆ ಅಜ್ಜನಿಂದ.

ಇಲ್ಲಿಂದ ಕಾಗದದ ಕಥೆ. ಶೆಡ್ಡಿನವ್ರ ಹತ್ರ ಅಜ್ಜ ಸೈನ್ ಮಾಡಿಕೊಟ್ಟ ಫಾರಂ 29, 30 (ಮಾಲೀಕರ ಹೆಸ್ರು ಬದಲಾಯಿಸೋ ಫಾರಂಗಳು) ಇತ್ತು, ಖಾಲಿ ಫಾರಂಗೆ ಸೈನ್. ಎಲ್ಲಾ ಕಡೆ ಹೀಗೇ ನಡೆಯುತ್ತೆ. ನಾನು ಆರ್‌ಟಿಓಗೆ ಹೋಗಿ ಬಿ ಎಕ್ಸ್‌ಟ್ರಾಕ್ಟ್ ತೆಗೆಸ್ದೆ, ಗಾಡಿ ಜಾತಕ ಅಂತಾನೇ ಹೇಳ್ಬೋದು ಅದನ್ನ, ಮಾಲೀಕರು, ಟ್ಯಾಕ್ಸ್, ಸಾಲ, ಎಲ್ಲಾ ಬರುತ್ತೆ. ಅದ್ರಲ್ಲಿ ನೋಡಿದ್ರೆ ಮೂರು ಗಂಟು. ಒಂದು, 1995ರಲ್ಲಿ ಬ್ಯಾಂಕ್ ಸಾಲದಲ್ಲಿ ತಗೊಂಡಿದ್ದು, ಸಾಲ ಯಾವಾಗ್ಲೋ ತೀರಿದೆ, ಆದ್ರೆ ಎಚ್‌ಪಿ ಎಂಟ್ರಿ ಹೊಡೆದು ಹಾಕಿಲ್ಲ. ಎರಡು, ರಿಜಿಸ್ಟ್ರೇಷನ್ 2025ರ ಕೊನೇಲಿ ಮುಗಿದಿದೆ. ಮೂರನೇದು, ಕಂಪ್ಯೂಟರಲ್ಲಿ ಗಾಡಿ ವಿವರ ಅರ್ಧಂಬರ್ಧ ಇದೆ, ಬ್ಯಾಕ್‌ಲಾಗ್ ಎಂಟ್ರಿ, ಅಂದ್ರೆ ಹಳೇ ದಾಖಲೆ ಕಂಪ್ಯೂಟರಿಗೆ ಹತ್ತಿಸೋದು, ಮಾಡಿಸದೆ ಆನ್‌ಲೈನಲ್ಲಿ ಯಾವ ಅರ್ಜಿನೂ ಮುಂದೆ ಹೋಗಲ್ಲ. ಮತ್ತೆ ಆನ್‌ಲೈನ್ ಅಂದ್ರೆ ಓಟಿಪಿ, ಓಟಿಪಿ ಅಂದ್ರೆ ಅಜ್ಜನ ಆಧಾರ್‌ಗೆ ಲಿಂಕ್ ಇರೋ ಮೊಬೈಲ್. ಅವತ್ತು ವಾಪಸ್ ಬರೋವಾಗ ಬೇಲೂರು ರೋಡಲ್ಲಿ ಗಾಡಿ ನಿಲ್ಲಿಸ್ಕೊಂಡು ಸುಮ್ನೆ ಕೂತಿದ್ದೆ, ಬೇಡ ಬಿಟ್ಬಿಡೋಣ ಅನ್ನಿಸ್ತು. ಮನೆಯವ್ಳು ಫೋನಲ್ಲಿ "ಅಜ್ಜ ಬದುಕಿದಾರಲ್ಲ, ಮೊದ್ಲು ಹೋಗಿ ಅವ್ರನ್ನೇ ನೋಡ್ಕೊಂಡ್ ಬನ್ನಿ" ಅಂದ್ಲು. ಆ ಮಾತೇ ದಾರಿ ತೋರಿಸ್ತು.

ಅಜ್ಜನಿಗೆ ಎಂಬತ್ತು ದಾಟಿದೆ. ಮನೆ ಹುಡ್ಕೊಂಡು ಹೋದ್ರೆ ಜಗಲಿ ಮೇಲೆ ಕಾಳುಮೆಣಸು ಒಣಗಿಸ್ತಾ ಕೂತಿದ್ರು. "ಗೌಡ್ರೆ, ನಿಮ್ಮ ಜೀಪ್ ತಗೊಳ್ತಿರೋನು ನಾನು" ಅಂದ ತಕ್ಷಣ ಎದ್ದು ನಿಂತ್ರು. "ಬಾರಪ್ಪ ಒಳಗೆ, ಕಾಫಿ ಕುಡಿ. ಇಂಜಿನ್ ಅದೇ ಇದ್ಯಾ? ಬದಲಾಯಿಸಿಲ್ಲ ತಾನೇ?" ಅದೇ ಮೊದ್ಲ ಪ್ರಶ್ನೆ. ಅದೇ ಇದೆ, ನಂಬರ್ ಹೋಲಿಸಿ ನೋಡಿದೀನಿ ಅಂದೆ. ಫೋಟೋ ತೋರಿಸ್ದೆ, ಹಸಿರು ಇದ್ದಾಗಿಂದು ನೋಡಿ ಮುಖ ಸಪ್ಪೆ ಆಯ್ತು, ಬಿಳಿ ಪ್ರೈಮರ್ ಹೊಡೆದದ್ದು ತೋರಿಸಿದ್ಮೇಲೆ ಸಮಾಧಾನ ಪಟ್ರು. ಆ ಜೀಪಲ್ಲಿ ಹೆರಿಗೆಗೆ ಎಷ್ಟು ಜನರನ್ನ ಮೂಡಿಗೆರೆ ಆಸ್ಪತ್ರೆಗೆ ಸಾಗ್ಸಿದ್ರು, ಮಳೇಲಿ ಚಾರ್ಮಾಡಿ ಹೇಗೆ ಇಳಿದ್ರು ಅಂತ ಹೇಳ್ತಾನೇ ಇದ್ರು, ನಾನೂ ಎದ್ದು ಬರೋ ಅವಸರ ಮಾಡ್ಲಿಲ್ಲ. ಕೊನೆಗೆ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ತಂದ್ರು, ಅದ್ರಲ್ಲಿ ಮೊದ್ಲ ಶೋರೂಮ್ ಬಿಲ್, ಟ್ಯಾಕ್ಸ್ ರಸೀದಿ, ಮತ್ತೆ ನನಗೆ ಬೇಕಾಗಿದ್ದ ಸಾಲ ತೀರಿದ ಬ್ಯಾಂಕ್ ಚೀಟಿ, ಹಳದಿ ಆಗಿ ಮಡಿಕೆ ಹರಿದಿತ್ತು. ಆ ಚೀಟಿ ನೋಡಿ ನನಗೆ ಕಣ್ಣಲ್ಲಿ ನೀರೇ ಬಂತು.

ಅಜ್ಜನ ಆಧಾರ್‌ಗೆ ಇದ್ದ ನಂಬರ್ ಯಾವತ್ತೋ ನಿಂತೋಗಿತ್ತು, ಮೊಮ್ಮಗ ಪೋಸ್ಟಾಫೀಸಿಗೆ ಕರ್ಕೊಂಡು ಹೋಗಿ ಹೊಸ ನಂಬರ್ ಹಾಕಿಸ್ದ, ಅಪ್‌ಡೇಟ್ ಆಗೋವರೆಗೂ ಕಾಯಬೇಕಾಯ್ತು. ಸೈನ್ ಈಗ ಕೈ ನಡುಗಿ ಹಳೇ ಸೈನ್ ತರ ಬರ್ತಿರ್ಲಿಲ್ಲ, ಅದಕ್ಕೆ ಅವ್ರ ಈಗಿನ ಬ್ಯಾಂಕ್ ಮ್ಯಾನೇಜರ್ ಹತ್ರ ಸೈನ್ ದೃಢೀಕರಣ ಮಾಡಿಸಿ ಅರ್ಜಿ ಜೊತೆ ಇಟ್ವಿ. ಹಳೇ ಮಾಲೀಕರು ವಯಸ್ಸಾದೋರಾದ್ರೆ ಇದನ್ನ ಮೊದ್ಲೇ ಮಾಡಿಸ್ಕೊಳ್ಳಿ. ಅಕಸ್ಮಾತ್ ಮಾಲೀಕರು ತೀರ್ಕೊಂಡಿದ್ರೆ ಮೊದ್ಲು ವಾರಸುದಾರರ ಹೆಸ್ರಿಗೆ ಫಾರಂ 31ರಲ್ಲಿ ಆಗ್ಬೇಕು, ಆಮೇಲೆ ನಿಮ್ಮ ಹೆಸ್ರಿಗೆ. ಖಾಲಿ ಫಾರಂ ಸೈನ್ ಇದೆ ಅಂತ ಯಾರಾದ್ರೂ ಹೇಳಿದ್ರೆ ಒಪ್ಬೇಡಿ.

ಸಾಲ ಕೊಟ್ಟ ಬ್ಯಾಂಕು ಈಗ ಇನ್ನೊಂದು ಬ್ಯಾಂಕಲ್ಲಿ ವಿಲೀನ ಆಗಿದೆ. ಬ್ರಾಂಚಲ್ಲಿ ಇರೋ ಹುಡುಗ್ರು ಆ ಸಾಲ ಕೊಟ್ಟಾಗ ಹುಟ್ಟೇ ಇರ್ಲಿಲ್ಲ ಅಂತ ಕಾಣುತ್ತೆ, ಸಿಸ್ಟಮಲ್ಲಿ ಅಕೌಂಟ್ ಸಿಗ್ತಿಲ್ಲ, ಸಿಗ್ದೆ ಇರೋ ಸಾಲಕ್ಕೆ ಎನ್‌ಒಸಿ ಹೇಗೆ ಕೊಡೋದು ಅಂದ್ರು. ಅಜ್ಜನ ಚೀಟಿ, ಬಿ ಎಕ್ಸ್‌ಟ್ರಾಕ್ಟ್, ಅಜ್ಜನದೇ ಒಂದು ಅರ್ಜಿ ಎಲ್ಲಾ ಸೇರಿಸಿ ಬರವಣಿಗೇಲಿ ಕೊಟ್ಟು ರಿಸೀವ್ಡ್ ಸೀಲ್ ಹಾಕಿಸ್ಕೊಂಡೆ, ಅವ್ರು ಮೇಲಿನ ಆಫೀಸಿಗೆ ಕಳಿಸಿದ್ರು. ಈ ಕಾಯೋದೇ ಎಲ್ಲಕ್ಕಿಂತ ಕಷ್ಟ, ಫೋನ್ ಮಾಡಿದಾಗೆಲ್ಲ "ಬರುತ್ತೆ ಸಾರ್". ಬಾಯ್ಮಾತಲ್ಲಿ ಕೇಳೋದು ಬೇಡ, ಕಾಗದದಲ್ಲೇ ಕೇಳಿ, ಸೀಲ್ ಇರೋ ಕಾಪಿ ತೋರಿಸಿದ್ಮೇಲೇನೇ ಫೈಲ್ ಕದಲಿದ್ದು. ಕೊನೆಗೆ ಎನ್‌ಒಸಿ ಮತ್ತೆ ಎಚ್‌ಪಿ ತೆಗೆಸೋಕೆ ಬೇಕಾದ, ಸೀಲ್ ಹಾಕಿದ ಫಾರಂ 35 ಎರಡು ಪ್ರತಿ ಕೈಗೆ ಬಂತು.

ರಿನ್ಯೂವಲ್ ಅಜ್ಜನ ಹೆಸ್ರಲ್ಲೇ ಮೊದ್ಲು ಆಗ್ಬೇಕು, ಫಾರಂ 25. ಮೊದ್ಲ ಹದಿನೈದು ವರ್ಷ ಆದ್ಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಫೀಸು ಕೇಳಿ ಬೆಚ್ಚಿಬೀಳ್ಬೇಡಿ, ಕಾರು ಜೀಪಿಗೆ 2022ರಿಂದ 5,000 ಇತ್ತು, 2025ರ ಆಗಸ್ಟಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗೆ 10,000 ಮಾಡಿದಾರೆ. ತಡ ಆದ್ರೆ ತಿಂಗಳಿಗೆ 500 ಸೇರುತ್ತೆ, ಅದನ್ನ ಶೆಡ್ಡಿನವ್ರ ತಲೆಗೆ ಹಾಕಿದ್ದೆ, ಹಳೇ ಗಾಡಿಗೆ ಹಾಕೋ ಗ್ರೀನ್ ಟ್ಯಾಕ್ಸ್ ನಾನು ಕಟ್ದೆ. ಅದಕ್ಕೆ ಮೊದ್ಲು ಇನ್ಶೂರೆನ್ಸ್, 1500 ಸಿಸಿ ಮೇಲಿನ ಕಾರಿಗೆ ಥರ್ಡ್ ಪಾರ್ಟಿ ವರ್ಷಕ್ಕೆ 7,897, ಜಿಎಸ್‌ಟಿ ಸೇರಿ 9,318. ಇದೂ ಅಜ್ಜನ ಹೆಸ್ರಲ್ಲೇ ಮಾಡಿಸ್ಬೇಕಾಯ್ತು, ಗಾಡಿ ಕೈ ಬದಲಾದ ಹದಿನಾಲ್ಕು ದಿನದೊಳಗೆ ಪಾಲಿಸಿನೂ ನಮ್ಮ ಹೆಸ್ರಿಗೆ ಬದಲಾಯಿಸ್ಬೇಕು ಅನ್ನೋದು ನೆನಪಿರ್ಲಿ. ಎಮಿಷನ್ ಟೆಸ್ಟಲ್ಲಿ ಹೊಗೆ ಜಾಸ್ತಿ ಬಂತು, ಬಿಎಸ್ 4 (ಹೊಗೆ ನಿಯಂತ್ರಣದ ಒಂದು ಮಾನದಂಡ) ಗಿಂತ ಹಳೇ ಡೀಸೆಲ್ ಗಾಡಿಗೆ ಹೊಗೆ ದಟ್ಟಣೆ ಮಿತಿ 65 ಎಚ್‌ಎಸ್‌ಯು. ಡೀಸೆಲ್ ಚಿಮ್ಮಿಸೋ ನಾಜಲ್ ಸರ್ವೀಸ್ ಮಾಡಿಸಿ, ಏರ್ ಫಿಲ್ಟರ್ ತೊಳೆದ್ಮೇಲೆ ಪಾಸ್ ಆಯ್ತು, ನಾಜಲ್‌ಗೆ 4,500.

ಇನ್ಸ್‌ಪೆಕ್ಷನ್‌ಗೆ ಹೋಗೋ ಹಿಂದಿನ ದಿನ ಶೆಡ್ಡಿನವ್ರು ಚಂದ ಕಾಣ್ಲಿ ಅಂತ ಮುಂದೆ ಹಾಕಿದ್ದ ಬುಲ್ ಬಾರ್ (ಬಂಪರ್ ಮುಂದಿನ ಕಬ್ಬಿಣದ ಗಾರ್ಡ್), ಮೇಲಿನ ಎಲ್‌ಇಡಿ ಪಟ್ಟಿ ಎಲ್ಲಾ ಬಿಚ್ಚಿಸ್ದೆ. ಬುಲ್ ಬಾರ್ ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಲ್ಲೇ ರಾಜ್ಯಗಳಿಗೆ ಬರೆದಿದೆ, ಕಂಪನಿ ಕೊಟ್ಟ ಹಾಗೆ ಇಲ್ಲದೆ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಅಡ್ಡ ಬರುತ್ತೆ. ದಪ್ಪ ಟೈರ್ ಬಗ್ಗೆ ನನಗೂ ಭಯ ಇತ್ತು, ಮಡ್ ಗಾರ್ಡ್ ದಾಟಿ ಹೊರಗೆ ಬರ್ತಿತ್ತು, ಕಂಪನಿ ಅಳತೆಯ ಟೈರ್ ಹಾಕಿಸ್ಕೊಂಡೇ ಹೋದೆ. ಬ್ರೇಕ್ ಇನ್ಸ್‌ಪೆಕ್ಟರ್ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಸಿದ್ರು. ಆ ನಂಬರ್ ಮೇಲೆ ರೀಸ್ಟೋರ್ ಮಾಡೋವಾಗ ಬಣ್ಣ ದಪ್ಪಗೆ ಕೂತಿತ್ತು, ಅಕ್ಷರ ಸರಿಯಾಗಿ ಮೂಡ್ತಿಲ್ಲ, ಅಲ್ಲೇ ಎದೆ ಡವಡವ ಅಂತ. ಭಾಯ್ ಥಿನ್ನರ್ ಬಟ್ಟೇಲಿ ನಿಧಾನಕ್ಕೆ ಒರೆಸಿದ್ಮೇಲೆ ಒಂದೊಂದೇ ಅಂಕಿ ಸ್ವಚ್ಛವಾಗಿ ಬಂತು. ಅಲ್ಲಿ ಗ್ರೈಂಡರ್ ಆಡಿಸಿದ್ರೆ ಗಾಡಿನೇ ಹೋದ ಹಾಗೆ, ಪೇಂಟರಿಗೆ ಮೊದ್ಲೇ ಹೇಳಿ ಆ ಜಾಗಕ್ಕೆ ಟೇಪ್ ಅಂಟಿಸಿ. ಹ್ಯಾಂಡ್ ಬ್ರೇಕ್, ಲೈಟು, ಹಾರ್ನು, ವೈಪರ್ ನೋಡಿದ್ರು. ಪಾಸ್.

ಆಮೇಲೆ ಎಚ್‌ಪಿ ತೆಗೆಸೋದು, ಹೆಸ್ರು ಬದಲಾವಣೆ ಒಂದರ ಹಿಂದೆ ಒಂದು ಸುಲಭವಾಗಿ ಆದ್ವು, ಹೆಸ್ರು ಬದಲಾವಣೆ ಫೀಸು ಬರೀ 300, ಕಾರ್ಡಿಗೆ 200. ಅರ್ಜಿ ಓಕೆ ಅಂತ ಮೆಸೇಜ್ ಬಂದ ದಿನ ಬಾಕಿ ದುಡ್ಡು ಹಾಕಿ ಜೀಪ್ ತಂದೆ. ಮೂಡಿಗೆರೆ ಮೇಲೆ ಬರೋದು ದಾರಿ, ಹಾಗೇ ಅಜ್ಜನ ಮನೆಗೂ ಹೋಗಿ ಒಂದು ಸುತ್ತು ಕೂರಿಸ್ಕೊಂಡು ಬಂದೆ, ಗೇರ್ ಹಾಕೋದು ತಪ್ಪಾದಾಗೆಲ್ಲ ಪಕ್ಕದಲ್ಲಿ ಕೂತು ಹೇಳ್ಕೊಟ್ರು. ಮೇಲಿನ ಖರ್ಚೆಲ್ಲಾ ಮತ್ತೆ ಟೈರ್, ಓಡಾಟದ ಡೀಸೆಲ್ ಸೇರಿ ನನಗೆ ಗಾಡಿ ಬೆಲೆ ಬಿಟ್ಟು 80,000 ಹತ್ರ ಆಗಿದೆ. ಲೆಕ್ಕ ಹಾಕೋರು ಈ ಮೇಲಿನ ದುಡ್ಡು ಬೇರೆ ಇಟ್ಕೊಂಡೇ ರೇಟ್ ಮಾತಾಡಿ.

ಕೆಲವ್ರು ವಿಂಟೇಜ್ ಅಂತ ಮಾಡಿಸ್ಕೋಬೋದಲ್ಲ ಅಂತ ಕೇಳಿದ್ರು. 2021ರ ನಿಯಮದ ಪ್ರಕಾರ ಅದು ಐವತ್ತು ವರ್ಷ ದಾಟಿದ ಗಾಡಿಗೆ, ದಿನಾ ಓಡಿಸೋ ಹಾಗೂ ಇಲ್ಲ, ತೋಟದ ಕೆಲಸಕ್ಕೆ ಬೇಕಾದೋರಿಗೆ ಅದು ದಾರಿಯಲ್ಲ. ಇನ್ನೊಂದು, ಜೀಪ್ ಬಂದ ವಾರದಲ್ಲೇ ಹೋಮ್‌ಸ್ಟೇ ಇಟ್ಕೊಂಡಿರೋ ಸ್ನೇಹಿತ್ರು ಟೂರಿಸ್ಟನ್ನ ಪಟ್ಲ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀಯಾ ಅಂತ ಫೋನ್ ಮಾಡಿದ್ರು, ಇಲ್ಲ ಅಂದೆ. ವೈಟ್ ಬೋರ್ಡಲ್ಲಿ (ಸ್ವಂತ ಬಳಕೆಯ ಗಾಡೀಲಿ) ಬಾಡಿಗೆ ಹೊಡೆದು ಏನಾದ್ರೂ ಆದ್ರೆ ಇನ್ಶೂರೆನ್ಸ್ ಕೈ ಬಿಡುತ್ತೆ, ಕೂತಿದ್ದವ್ರ ಗತಿ ಏನು.

ಬಿಡಿ ಭಾಗ ಹೇಳ್ತೀನಿ ಅಂದಿದ್ದೆ. ಬ್ರೇಕ್, ಲೀಫ್ ಸ್ಪ್ರಿಂಗ್, ಬೇರಿಂಗ್ ಎಲ್ಲಾ ಹಾಸನದಲ್ಲೇ ಸಿಗ್ತಿದೆ. ಪೆಜೋ ಇಂಜಿನ್ ಭಾಗ ಮಾತ್ರ ಹುಡುಕ್ಬೇಕು, ಅದಕ್ಕೆ ಹೀಟರ್ ಪ್ಲಗ್ ಒಂದು ಸೆಟ್, ಹೆಡ್ ಗ್ಯಾಸ್ಕೆಟ್ ಒಂದು, ವಾಟರ್ ಪಂಪ್ ಕಿಟ್ ಈಗ್ಲೇ ತಂದಿಟ್ಕೊಂಡಿದೀನಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಬುಕ್ ಮಾಡಿದೀನಿ, ಇನ್ನೂ ಬಂದಿಲ್ಲ. ಜೀಪ್ ನೋಡೋಕೆ ಹೋಗೋರಿಗೆ ನಮ್ಮ ಭಾಯ್ ಜೊತೆಗೆ ಬೇಕಾದ್ರೆ ನನ್ನನ್ನ ಕೇಳಿ, ಅವ್ರಿಗೆ ಹೇಳ್ತೀನಿ, ಆದ್ರೆ ಶುಕ್ರವಾರ ಮಾತ್ರ ಕರೀಬೇಡಿ, ಅವತ್ತು ಗ್ಯಾರೇಜ್ ರಜಾ.